ಕ್ಯಾಲ್ಗರಿಗೆ ಬಂದ ಹೊಸಬರೇ, ಗಾಳಕ್ಕೆ ಮುನ್ನ ನೀರು ನೋಡಿ

ಜೂನ್ ಬಂತೆಂದರೆ ಕೆನಡಾದ ಆಲ್ಬರ್ಟಾ ಪ್ರಾಂತಕ್ಕೆ ಹೊಸದಾಗಿ ಬಂದ ನಮ್ಮವರು ಕೇಳುವುದು ಒಂದೇ: ಮೀನು ಹಿಡಿಯಲು ಎಲ್ಲಿಗೆ ಹೋಗಬೇಕು? ಜಾಗ ಆಮೇಲೆ, ಮೊದಲು ನೀರು ಹೇಗಿದೆ ಎಂದು ತಿಳಿದುಕೊಳ್ಳಿ ಎನ್ನುತ್ತೇನೆ.

ಊರಿನಲ್ಲಿ ಮಳೆ ಹೊಯ್ದರೆ ಹೊಳೆ ಕೆಂಪಾಗುತ್ತದೆ. ಇಲ್ಲಿ ಆಕಾಶ ತಿಳಿಯಾಗಿದ್ದು ಬಿಸಿಲು ಕಾದರೂ ನದಿ ಕಲಕುತ್ತದೆ, ಏಕೆಂದರೆ ರಾಕಿ ಪರ್ವತದ ಹಿಮ ಕರಗುವುದೇ ಆಗ. ಸುಮಾರಾಗಿ ಮೇ ನಡುವಿನಿಂದ ಜುಲೈ ಆರಂಭದವರೆಗೆ ಬೋ, ಹೈವುಡ್, ಶೀಪ್ ನದಿಗಳು ತುಂಬಿ ಹರಿಯುತ್ತವೆ. ಅದರ ಮೇಲೆ ಜೂನ್ ಮಳೆಯೂ ಸೇರಿದರೆ ಏನಾಗುತ್ತದೆ ಎಂಬುದನ್ನು 2013ರ ಪ್ರವಾಹದಲ್ಲಿ ಕ್ಯಾಲ್ಗರಿ ಕಂಡಿದೆ. ಪ್ರಾಂತ ಸರ್ಕಾರದ ನದಿ ಮಾಹಿತಿಯ ಆ್ಯಪ್‌ನಲ್ಲಿ ಪ್ರತಿ ನದಿಯ ಹರಿವು ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಸಿಗುತ್ತದೆ. ಇವತ್ತಿನ ಅಂಕಿಯೊಂದನ್ನೇ ನೋಡಬೇಡಿ, ಕಳೆದ ಕೆಲವು ದಿನಗಳ ಗೆರೆಯನ್ನು ನೋಡಿ. ಗೆರೆ ಇಳಿಯುತ್ತಿದ್ದು ನೀರು ತಿಳಿಯಾಗುತ್ತಿದ್ದರೆ ಟ್ರೌಟ್ ಮೀನು ಗಾಳಕ್ಕೆ ಬರುತ್ತದೆ. ಏರುತ್ತಿದ್ದರೆ ನೀರಿಗೆ ಇಳಿಯಲೇಬೇಡಿ. ಹಿಮ ಕರಗಿದ ನೀರಿನ ಚಳಿ ಒಳ್ಳೆಯ ಈಜುಗಾರನ ಕೈಕಾಲನ್ನೂ ಕಟ್ಟಿಬಿಡುತ್ತದೆ.

ನದಿ ಕಲಕಿರುವಾಗ ಬಯಲು ಸೀಮೆಯ ಕೆರೆಗಳ ಕಡೆ ತಿರುಗಿ. ಅಲ್ಲಿ ವಾಲೈ, ಪೈಕ್ ಮತ್ತು ಪರ್ಚ್ ಮೀನುಗಳಿವೆ. ವಾಲೈ ಮಬ್ಬು ಬೆಳಕಿನಲ್ಲಿ ಬೇಟೆಯಾಡುವ ಮೀನು, ಹಾಗಾಗಿ ಮುಂಜಾನೆ ಮತ್ತು ಸಂಜೆಯೇ ಹೊತ್ತು. ಕರಾವಳಿಯವರಿಗೆ ಇದರ ರುಚಿ ಖಂಡಿತ ಹಿಡಿಸುತ್ತದೆ: ಬಿಳಿ ಮಾಂಸ, ಗಟ್ಟಿ ಹೋಳು, ರವೆ ಹಚ್ಚಿ ಹುರಿಯಲು ಹೇಳಿ ಮಾಡಿಸಿದಂತಿರುತ್ತದೆ. ಆದರೆ ಹಲವು ಕೆರೆಗಳಲ್ಲಿ ವಾಲೈಯನ್ನು ಮನೆಗೆ ಒಯ್ಯಲು ಲಾಟರಿ ಮೂಲಕ ಸಿಗುವ ವಿಶೇಷ ಪರವಾನಗಿ ಬೇಕು. ಹಿಡಿದದ್ದೆಲ್ಲ ನಮ್ಮದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಸಿಗೆ ಬಲಿತಂತೆ ಇದೇ ಕೆರೆಗಳಲ್ಲಿ ನೀಲಿ-ಹಸಿರು ಪಾಚಿ ಹಬ್ಬುತ್ತದೆ. ಎಚ್ಚರಿಕೆಯ ಫಲಕ ಕಂಡರೆ ಮಕ್ಕಳನ್ನೂ ನಾಯಿಯನ್ನೂ ನೀರಿನಿಂದ ದೂರವಿಡಿ.

ಜುಲೈ ಕೊನೆಗೆ ಹೊಳೆಗಳ ಸ್ಥಿತಿ ಬೇರೆಯೇ ಆಗಿರುತ್ತದೆ. ಹರಿವು ತಗ್ಗಿ ನೀರು ಬೆಚ್ಚಗಾಗುತ್ತದೆ, ಬೆಚ್ಚಗಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಹಿಡಿದು ಬಿಟ್ಟ ಟ್ರೌಟ್ ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ಹತ್ತು ನಿಮಿಷದ ಮೋಜಿಗೆ ಒಂದು ಮೀನಿನ ಜೀವ ತೆಗೆಯುವುದು ನನಗಂತೂ ಒಪ್ಪುವುದಿಲ್ಲ. ಚೀಲದಲ್ಲಿ ಒಂದು ಥರ್ಮಾಮೀಟರ್ ಇರಲಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನಕ್ಕೆ ಗಾಳ ಸುತ್ತಿಡಿ. ಗಾಳದ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡರೆ ಮೀನಿನ ಬಾಯಿ ಹರಿಯುವುದಿಲ್ಲ. ಹಿಡಿಯುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ.

ಬುಲ್ ಟ್ರೌಟ್ ಗುರುತು ಎಲ್ಲರಿಗೂ ಗೊತ್ತಿರಲೇಬೇಕು. ಅದು ಈ ಪ್ರಾಂತದ ಅಧಿಕೃತ ಮೀನು, ಅದನ್ನು ಇಟ್ಟುಕೊಳ್ಳುವಂತಿಲ್ಲ. ಬೆನ್ನಿನ ಮೇಲಿನ ರೆಕ್ಕೆಯನ್ನು ಬಿಡಿಸಿ ನೋಡಿ: ಕಪ್ಪು ಚುಕ್ಕೆ, ಕಪ್ಪು ಗೆರೆ ಒಂದೂ ಇಲ್ಲದಿದ್ದರೆ ತಕ್ಷಣ ನೀರಿಗೆ ಬಿಡಿ. ಬ್ರೂಕ್ ಟ್ರೌಟ್ ಕೂಡ ನೋಡಲು ಹಾಗೆಯೇ, ಆದರೆ ಅದರ ರೆಕ್ಕೆಯಲ್ಲಿ ಹುಳು ಹರಿದಂತೆ ಕಪ್ಪು ಗೆರೆಗಳಿರುತ್ತವೆ.

ಮೀನು ಹಿಡಿಯುವ ಪರವಾನಗಿಯ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31. ಹದಿನಾರು ತುಂಬದ ಮಕ್ಕಳಿಗೆ ಅದು ಬೇಡ. ಅರವತ್ತೈದು ದಾಟಿದವರಿಗಿರುವ ವಿನಾಯಿತಿ ಆಲ್ಬರ್ಟಾ ನಿವಾಸಿಗಳಿಗೆ ಮಾತ್ರ, ಊರಿನಿಂದ ಮೂರು ತಿಂಗಳಿಗೆ ಬಂದ ಅಪ್ಪನ ಕೈಗೆ ಗಾಳ ಕೊಡುವ ಮುನ್ನ ಅವರ ಹೆಸರಿಗೂ ಪರವಾನಗಿ ಮಾಡಿಸಿ. ಬ್ಯಾನ್ಫ್, ಜಾಸ್ಪರ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರಾಂತದ ಪರವಾನಗಿ ನಡೆಯುವುದಿಲ್ಲ. ಅಲ್ಲಿಯದೇ ಬೇರೆ, ನಿಯಮವೂ ಬೇರೆ.

ಒಂದು ನೀರಿನಿಂದ ಇನ್ನೊಂದಕ್ಕೆ ಹೋಗುವಾಗ ಬೂಟು, ಬಲೆ, ದೋಣಿಗಳನ್ನು ತೊಳೆದು, ನೀರು ಬಸಿದು, ಒಣಗಿಸಿ. 2016ರಲ್ಲಿ ಬ್ಯಾನ್ಫ್‌ನ ಜಾನ್ಸನ್ ಸರೋವರದಲ್ಲಿ, ಕೆನಡಾದಲ್ಲೇ ಮೊದಲ ಬಾರಿಗೆ, ಟ್ರೌಟ್ ಮರಿಗಳನ್ನು ಕೊಲ್ಲುವ ವರ್ಲಿಂಗ್ ರೋಗ ಪತ್ತೆಯಾಯಿತು. ಇದು ಮನುಷ್ಯರಿಗೆ ತಗಲುವುದಿಲ್ಲ, ಆದರೆ ಬೂಟಿಗಂಟಿದ ಕೆಸರಿನಲ್ಲೇ ಸಾಗಬಲ್ಲದು.

ಸಾಮಾನು ಕೊಳ್ಳಲು ಅವಸರ ಬೇಡ. ಜುಲೈಯಲ್ಲಿ ಒಮ್ಮೆ, ಫೆಬ್ರವರಿಯ ಫ್ಯಾಮಿಲಿ ಡೇ ರಜೆಯಲ್ಲಿ ಇನ್ನೊಮ್ಮೆ, ರಾಷ್ಟ್ರೀಯ ಉದ್ಯಾನಗಳ ಹೊರಗೆ ಪರವಾನಗಿಯಿಲ್ಲದೆ ಮೀನು ಹಿಡಿಯಬಹುದಾದ ವಾರಾಂತ್ಯಗಳಿವೆ. ಗೆಳೆಯರ ಗಾಳ ಎರವಲು ಪಡೆದು ಆಗ ಮಕ್ಕಳೊಂದಿಗೆ ಹೋಗಿ. ಫೆಬ್ರವರಿಯಲ್ಲಾದರೆ ಮಂಜುಗಡ್ಡೆಗೆ ತೂತು ಕೊರೆದು ಅಳೆಯಿರಿ. ಒಬ್ಬರು ನಡೆಯಲು ಕನಿಷ್ಠ 15 ಸೆಂಟಿಮೀಟರ್ ದಪ್ಪ ಬೇಕು, ಗುಂಪಿಗೆ ಅದಕ್ಕಿಂತ ಹೆಚ್ಚು.