ಪರೀಕ್ಷೆ ಮುಗಿಯಿತು, ಕರೆ ಬರಲಿಲ್ಲ: ನೈಜೀರಿಯಾದ ತೈಲ ನೇಮಕಾತಿಗೆ ಕಾಯುವುದು ಹೇಗೆ?

ನೈಜೀರಿಯಾದಲ್ಲಿ ಎಂಜಿನಿಯರಿಂಗ್, ಭೂವಿಜ್ಞಾನ, ಅಕೌಂಟೆನ್ಸಿ ಓದಿದವರ ಕಣ್ಣು ಮೊದಲು ಹೋಗುವುದು ತೈಲ ಮತ್ತು ಅನಿಲ ಕಂಪನಿಗಳ ಕಡೆಗೆ. ಸಂಬಳ ಕೈತುಂಬ, ನೇಮಕಾತಿ ಮಾತ್ರ ಆಮೆ ನಡಿಗೆ. ಸರ್ಕಾರಿ ಒಡೆತನದ ಎನ್‌ಎನ್‌ಪಿಸಿ 2024ರ ಜುಲೈನಲ್ಲಿ ಅರ್ಜಿ ಕರೆದು ಆಗಸ್ಟ್ 20ಕ್ಕೆ ಬಾಗಿಲು ಹಾಕಿತು. ಕಂಪ್ಯೂಟರ್ ಪರೀಕ್ಷೆ ನಡೆದದ್ದು ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ದೊಡ್ಡ ಬಹಿರಂಗ ನೇಮಕಾತಿ 2019ರದ್ದು. ಒಂದು ಸುತ್ತು ಕೈತಪ್ಪಿದರೆ ಐದು ವರ್ಷ ಹೋಯಿತೆಂದೇ ಲೆಕ್ಕ.

ಕೆಪಿಎಸ್‌ಸಿಯನ್ನು ನೆಚ್ಚಿಕೊಂಡು ವಯಸ್ಸು ಕಳೆದವರಿಗೆ ಈ ಕಥೆ ಹೊಸದಲ್ಲ. ಬೆಂಗಳೂರಿನ ಕಾಲೇಜುಗಳಲ್ಲಿ ಓದಿ ಲಾಗೋಸ್, ಅಬುಜಾಗಳಿಗೆ ಮರಳುವ ನೈಜೀರಿಯಾದ ವಿದ್ಯಾರ್ಥಿಗಳೂ ಇದೇ ಸಾಲಿನಲ್ಲಿ ನಿಲ್ಲುವವರು. ಅವರಿಗೆ ಒಂದೆರಡು ತೊಡಕು ಜಾಸ್ತಿ. ಅದು ದಾಖಲೆಗಳ ಭಾಗದಲ್ಲಿ ಬರುತ್ತದೆ.

ಮೊದಲು, ತಡ ಯಾವ ಬಗೆಯದು ನೋಡಿ

ಎಲ್ಲ ಮೌನಕ್ಕೂ ಒಂದೇ ಅರ್ಥವಿಲ್ಲ. ಸಾಮಾನ್ಯ ತಡ ಎಂದರೆ ಸಾವಿರಾರು ಅರ್ಜಿಗಳ ಪರಿಶೀಲನೆ, ಅಂಕಗಳ ಜೋಡಣೆ, ಸಂದರ್ಶನ ಮಂಡಳಿಯ ದಿನಾಂಕ ಹೊಂದಿಸುವುದು. ಒಂದು ಹಂತದಿಂದ ಇನ್ನೊಂದಕ್ಕೆ ಮೂರ್ನಾಲ್ಕು ತಿಂಗಳು ಹಿಡಿದರೆ ಗಾಬರಿ ಬೇಡ.

ಎರಡನೆಯದು ಒಡೆತನ ಬದಲಾವಣೆಯ ತಡ. ಕೆಲವೇ ವರ್ಷಗಳಲ್ಲಿ ವಿದೇಶಿ ಕಂಪನಿಗಳು ನೈಜರ್ ನದಿಮುಖಜ ಭೂಮಿಯ ನೆಲದ ಮೇಲಿನ ಮತ್ತು ಆಳವಿಲ್ಲದ ಕಡಲಿನ ತೈಲಕ್ಷೇತ್ರಗಳನ್ನು ಸ್ಥಳೀಯ ಕಂಪನಿಗಳಿಗೆ ಮಾರಿವೆ. ಎಕ್ಸಾನ್‌ಮೊಬಿಲ್‌ನ ಕ್ಷೇತ್ರಗಳನ್ನು ಕೊಳ್ಳಲು ಸೆಪ್ಲಾಟ್ ಒಪ್ಪಂದ ಮಾಡಿಕೊಂಡದ್ದು 2022ರ ಫೆಬ್ರುವರಿಯಲ್ಲಿ, ವ್ಯವಹಾರ ಮುಗಿದದ್ದು 2024ರ ಡಿಸೆಂಬರ್‌ನಲ್ಲಿ. ಶೆಲ್ ತನ್ನ ನೆಲದ ಮೇಲಿನ ವ್ಯವಹಾರವನ್ನು ರಿನೈಸಾನ್ಸ್‌ಗೆ ಒಪ್ಪಿಸುವುದಾಗಿ 2024ರ ಜನವರಿಯಲ್ಲಿ ಪ್ರಕಟಿಸಿ 2025ರ ಮಾರ್ಚ್‌ನಲ್ಲಿ ಪೂರೈಸಿತು. ಇಂಥ ನಡುಗಾಲದಲ್ಲಿ ಎಷ್ಟು ಜನರನ್ನು ಉಳಿಸಿಕೊಳ್ಳಬೇಕು ಎಂಬುದೇ ಇತ್ಯರ್ಥವಾಗಿರುವುದಿಲ್ಲ, ಹೊಸಬರ ಮಾತು ದೂರವೇ ಉಳಿಯಿತು. ಮೇಲಿನ ಆಡಳಿತ ಬದಲಾದಾಗಲೂ ಹೀಗೆಯೇ: 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟಿನುಬು ಅವರು ಎನ್‌ಎನ್‌ಪಿಸಿಯ ಮಂಡಳಿಯನ್ನೂ ಮುಖ್ಯಸ್ಥರನ್ನೂ ಒಟ್ಟಿಗೇ ಬದಲಿಸಿದರು. ಹೊಸದಾಗಿ ಬಂದವರು ಹಳೆಯ ಕಡತಗಳನ್ನು ಮತ್ತೊಮ್ಮೆ ತೆರೆದು ನೋಡದೆ ಸಹಿ ಹಾಕುವುದಿಲ್ಲ.

ಮೂರನೆಯದು ರಾಜ್ಯವಾರು ಹಂಚಿಕೆ. ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ 36 ರಾಜ್ಯಗಳಿಗೂ ರಾಜಧಾನಿ ಪ್ರದೇಶಕ್ಕೂ ಪಾಲು ಸಿಗಬೇಕೆಂಬ ನಿಯಮವಿದೆ, ಅದನ್ನು ನೋಡಿಕೊಳ್ಳಲು ಆಯೋಗವೇ ಇದೆ. ಆದ್ದರಿಂದ ಅಂಕಪಟ್ಟಿ ಸಿದ್ಧವಾದರೂ ಆಯ್ಕೆಪಟ್ಟಿ ಸಿದ್ಧವಾಗಿರುವುದಿಲ್ಲ.

ನಿಮ್ಮ ಕಂಪನಿ ಯಾವ ಗುಂಪಿನದು ಎಂದು ಪತ್ರಿಕೆಗಳ ವಾಣಿಜ್ಯ ಪುಟದಿಂದಲೇ ತಿಳಿಯುತ್ತದೆ. ಮಾರಾಟದ ಮಾತುಕತೆ ನಡೆಯುತ್ತಿದ್ದರೆ ಒಂದು ವರ್ಷಕ್ಕೂ ಹೆಚ್ಚು ಕಾಲ ಏನೂ ಆಗದು ಎಂದೇ ಅಂದಾಜು ಹಾಕಿ.

ವಯಸ್ಸಿನ ಲೆಕ್ಕ ಕಾಗದದ ಮೇಲೆ ಹಾಕಿ

ಇಡೀ ವಿಷಯದಲ್ಲಿ ನಿಜವಾಗಿ ಗಡಿಯಾರ ಓಡುತ್ತಿರುವುದು ಇಲ್ಲೊಂದೇ ಕಡೆ. ಪದವೀಧರ ತರಬೇತಿ ಹುದ್ದೆಗಳಿಗೆ ವಯೋಮಿತಿ ಸಾಮಾನ್ಯವಾಗಿ 28ರ ಆಸುಪಾಸು. ಯಾವ ದಿನಾಂಕಕ್ಕೆ ಎಂಬುದು ಜಾಹೀರಾತಿನಲ್ಲೇ ಇರುತ್ತದೆ, ಹೆಚ್ಚಾಗಿ ಯಾವುದೋ ವರ್ಷದ ಡಿಸೆಂಬರ್ 31.

ಉದಾಹರಣೆಗೆ, 1999ರ ಜೂನ್ 15ರಂದು ಹುಟ್ಟಿದವರನ್ನು ತೆಗೆದುಕೊಳ್ಳಿ. 2026ರ ಡಿಸೆಂಬರ್ 31ಕ್ಕೆ 27 ವರ್ಷ ಆರು ತಿಂಗಳು: ತಕರಾರಿಲ್ಲ. 2027ರ ಡಿಸೆಂಬರ್ 31ಕ್ಕೆ 28 ವರ್ಷ ಆರು ತಿಂಗಳು: ‘28 ಮೀರಿರಬಾರದು’ ಎಂಬುದನ್ನು ಒಂದು ಪೋರ್ಟಲ್ ‘29 ತುಂಬಿರಬಾರದು’ ಎಂದು ಓದಬಹುದು, ಇನ್ನೊಂದು 28ರ ಹುಟ್ಟುಹಬ್ಬದ ಮರುದಿನವೇ ಹೊರಗೆ ಹಾಕಬಹುದು. ಹೀಗಾಗಿ ಇವರಿಗೆ ಖಚಿತ ಅವಕಾಶ 2026ರವರೆಗೆ, 2027 ಅನುಮಾನ, 2028 ಮುಗಿದ ಮಾತು. ಈ ಮೂರು ಸಾಲು ಬರೆದಿಟ್ಟುಕೊಂಡರೆ ಎಷ್ಟು ದಿನ ಕಾಯಬಹುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಈಗಾಗಲೇ ಅರ್ಜಿ ಹಾಕಿರುವ ಪ್ರಕ್ರಿಯೆಗೆ ಅದೇ ಜಾಹೀರಾತಿನ ದಿನಾಂಕವೇ ಅನ್ವಯ. ಅವರು ತಡ ಮಾಡಿದ್ದರಿಂದ ನಿಮ್ಮ ವಯಸ್ಸು ಮೀರಿತು ಎಂದಾಗುವುದಿಲ್ಲ. ಆದರೆ ಹಳೆಯದನ್ನು ರದ್ದು ಮಾಡಿ ಹೊಸದಾಗಿ ಕರೆದರೆ ಎಣಿಕೆ ಮೊದಲಿನಿಂದ. ಅದಕ್ಕೇ ಜಾಹೀರಾತನ್ನು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ಅರ್ಜಿ ಮುಗಿದ ಮೇಲೆ ಆ ಪುಟ ಪೋರ್ಟಲ್‌ನಲ್ಲಿ ಉಳಿಯುತ್ತದೆಂಬ ಭರವಸೆಯಿಲ್ಲ.

ಸಿಮ್ ಸಾಯದಂತೆ ನೋಡಿಕೊಳ್ಳಿ

ಕೇಳಲು ಕ್ಷುಲ್ಲಕ. ಆದರೆ ಕರೆ ಬಂದೂ ತಪ್ಪಿಸಿಕೊಳ್ಳುವವರಲ್ಲಿ ಹಲವರು ಎಡವುವುದು ಇಲ್ಲೇ. ನೈಜೀರಿಯಾದ ದೂರಸಂಪರ್ಕ ನಿಯಮದಂತೆ ಆರು ತಿಂಗಳು ಬಳಕೆಯಿಲ್ಲದ ಸಂಖ್ಯೆಯನ್ನು ಕಂಪನಿ ನಿಷ್ಕ್ರಿಯ ಮಾಡಬಹುದು, ಇನ್ನಾರು ತಿಂಗಳು ಕಳೆದರೆ ಅದನ್ನು ಬೇರೆಯವರಿಗೇ ಕೊಡಬಹುದು. ಅರ್ಜಿಯಲ್ಲಿ ಕೊಟ್ಟ ಸಂಖ್ಯೆ ಎರಡನೆಯ ಸಿಮ್ಮಿನದಾಗಿದ್ದರೆ ಎರಡು ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿ, ಅದರಿಂದ ಒಂದು ಕರೆಯನ್ನೂ ಮಾಡಿ. ಬರೀ ದುಡ್ಡು ಹಾಕಿ ಸುಮ್ಮನಿದ್ದರೆ ಸಾಲದು. 11 ಅಂಕಿಗಳ ರಾಷ್ಟ್ರೀಯ ಗುರುತಿನ ಸಂಖ್ಯೆಗೆ ಆ ಸಿಮ್ ಜೋಡಣೆಯಾಗಿರಲೇಬೇಕು.

ಇಮೇಲ್ ವಿಷಯ: ಕಾಲೇಜು ಕೊಟ್ಟ ವಿಳಾಸದಿಂದ ಅರ್ಜಿ ಹಾಕಿದ್ದರೆ ಅದು ಮುಚ್ಚುವ ಮೊದಲೇ ಪೋರ್ಟಲ್‌ನಲ್ಲಿ ಬದಲಿಸಿ. ಸ್ಪ್ಯಾಮ್ ಪೆಟ್ಟಿಗೆಯನ್ನು ವಾರಕ್ಕೆರಡು ಸಲ ನೋಡಿ. ಪರೀಕ್ಷೆಯ ಆಹ್ವಾನ ಹಲವು ಬಾರಿ ಕಂಪನಿಯ ವಿಳಾಸದಿಂದಲ್ಲ, ಪರೀಕ್ಷೆ ನಡೆಸುವ ಗುತ್ತಿಗೆ ಸಂಸ್ಥೆಯ ವಿಳಾಸದಿಂದ ಬರುತ್ತದೆ. ಅದನ್ನು ಸ್ಪ್ಯಾಮ್ ಎಂದು ತಳ್ಳುವುದು ಮೇಲ್ ಪೆಟ್ಟಿಗೆಗೆ ರೂಢಿ. ಆಹ್ವಾನಕ್ಕೂ ಪರೀಕ್ಷೆಗೂ ನಡುವೆ ಕೆಲವೇ ದಿನ ಇರುವುದುಂಟು.

ಕಡತದಲ್ಲಿ ಏನಿರಬೇಕು, ಎಲ್ಲಿ ಕೆಡುತ್ತದೆ

ಪದವಿ ಪತ್ರ, ಎನ್‌ವೈಎಸ್‌ಸಿ ಪತ್ರ, ಡಬ್ಲ್ಯುಎಇಸಿ ಅಥವಾ ಎನ್‌ಇಸಿಒ ಪರೀಕ್ಷಾ ಮಂಡಳಿಯ ಶಾಲಾ ಫಲಿತಾಂಶ, ರಾಷ್ಟ್ರೀಯ ಜನಸಂಖ್ಯಾ ಆಯೋಗದ ಜನನ ಪ್ರಮಾಣಪತ್ರ, ಮೂಲ ಊರಿನ ಸ್ಥಳೀಯಾಡಳಿತ ಕೊಟ್ಟ ಪತ್ರ, ಪಾಸ್‌ಪೋರ್ಟ್ ಇಲ್ಲವೇ ಗುರುತಿನ ಸಂಖ್ಯೆಯ ಚೀಟಿ. ಇಷ್ಟೂ ಮೂಲ ಪ್ರತಿ, ಎರಡು ಜೆರಾಕ್ಸ್, ಒಂದು ಸ್ಕ್ಯಾನ್.

ಎನ್‌ವೈಎಸ್‌ಸಿ ಎಂದರೆ ಪದವೀಧರರಿಗೆ ಕಡ್ಡಾಯವಾದ ಒಂದು ವರ್ಷದ ರಾಷ್ಟ್ರಸೇವೆ, 1973ರಿಂದ ಜಾರಿಯಲ್ಲಿದೆ. ಪದವಿ ಪಡೆಯುವಾಗಲೇ 30 ದಾಟಿದವರಿಗೆ ವಿನಾಯಿತಿ ಪತ್ರ ಸಿಗುತ್ತದೆ. ಎರಡರಲ್ಲೊಂದು ಇಲ್ಲದೆ ದೊಡ್ಡ ಕಂಪನಿಗಳಲ್ಲಿ ಮುಂದಿನ ಮಾತೇ ಇಲ್ಲ.

ಈಗ ಒಂದು ಸಂಜೆ ಕೂತು ಮಾಡಬೇಕಾದ ಕೆಲಸ. ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆಯಿರಿ: ದಾಖಲೆ, ಅದರಲ್ಲಿರುವ ಪೂರ್ತಿ ಹೆಸರು ಅಕ್ಷರಶಃ, ಜನ್ಮದಿನಾಂಕ. ಪ್ರತಿ ದಾಖಲೆಯನ್ನೂ ಕೈಯಲ್ಲಿ ಹಿಡಿದು ನೋಡಿ ತುಂಬಿ, ನೆನಪಿನಿಂದ ಬೇಡ. ಮೂರು ಹೆಸರಿನ ಕ್ರಮ ಅದಲು ಬದಲಾಗಿರುವುದು, ನಡುವಿನ ಹೆಸರು ಒಂದರಲ್ಲಿ ಬಿಟ್ಟುಹೋಗಿರುವುದು, ಮದುವೆಯ ನಂತರದ ಹೆಸರು ಗುರುತಿನ ಸಂಖ್ಯೆಯಲ್ಲಿ ಮಾತ್ರ ಇರುವುದು ಹೆಚ್ಚು ಕಂಡುಬರುವ ದೋಷಗಳು. ಕ್ರಮ ಬದಲಾಗಿದ್ದರೆ ನ್ಯಾಯಾಲಯದ ಅಫಿಡವಿಟ್ ಸಾಕಾಗಬಹುದು. ಹೆಸರೇ ಬೇರೆಯಾಗಿದ್ದರೆ ಅಫಿಡವಿಟ್ ಜೊತೆಗೆ ಪತ್ರಿಕೆಯಲ್ಲಿ ಪ್ರಕಟಣೆಯೂ ಬೇಕು. ಜನ್ಮದಿನಾಂಕ ಹೊಂದದಿದ್ದರೆ ಅದು ಎಲ್ಲಕ್ಕಿಂತ ತಲೆನೋವು: ವಯೋಮಿತಿ ಇರುವ ಹುದ್ದೆಯಲ್ಲಿ ವಯಸ್ಸು ತಿದ್ದಿಸಿದ್ದಾರೆಂಬ ಅನುಮಾನ ತಕ್ಷಣ ಬರುತ್ತದೆ. ಕರೆ ಬಂದ ವಾರದಲ್ಲಿ ತಿದ್ದಿಸಲು ಓಡಾಡುವುದಕ್ಕಿಂತ ಈ ಖಾಲಿ ತಿಂಗಳುಗಳಲ್ಲೇ ಮುಗಿಸುವುದು ಜಾಣತನ.

ಬೆಂಗಳೂರಿನಂಥ ಕಡೆ ಓದಿ ಬಂದವರು ಇನ್ನಷ್ಟು ಎಚ್ಚರ ವಹಿಸಬೇಕು. ನಮ್ಮ ಮಾರ್ಕ್ಸ್ ಕಾರ್ಡ್‌ಗಳಲ್ಲಿ ಹೆಸರು ಕೆಲವೊಮ್ಮೆ ಇನಿಷಿಯಲ್‌ಗೆ ಇಳಿದಿರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಇರುತ್ತದೆ. ಇದನ್ನು ಅಬುಜಾದಿಂದ ತಿದ್ದಿಸುವುದೆಂದರೆ ವರ್ಷದ ಕೆಲಸ. ವಿಶ್ವವಿದ್ಯಾಲಯದ ಕಚೇರಿಯಲ್ಲಿ ನೀವೇ ನಿಂತು ಮಾಡಿಸಿಕೊಳ್ಳಿ. ತಾತ್ಕಾಲಿಕ ಪದವಿ ಪತ್ರವನ್ನೇ ನಂಬಿ ಹೊರಡಬೇಡಿ, ಘಟಿಕೋತ್ಸವದ ಮೂಲ ಪತ್ರವನ್ನೂ ಮೊಹರು ಮಾಡಿದ ಲಕೋಟೆಯಲ್ಲಿ ಎರಡು ಟ್ರಾನ್ಸ್‌ಕ್ರಿಪ್ಟ್‌ಗಳನ್ನೂ ಪಡೆದೇ ವಿಮಾನ ಹತ್ತಿ. ಊರಿಗೆ ಹೋದ ಮೇಲೆ ಕೇಂದ್ರ ಶಿಕ್ಷಣ ಸಚಿವಾಲಯದಿಂದ ವಿದೇಶಿ ಪದವಿಯ ಮೌಲ್ಯಮಾಪನ ಮಾಡಿಸಬೇಕು. ನೈಜೀರಿಯಾದಲ್ಲಿ 5ರ ಮಾಪಕದಲ್ಲಿ 3.50ರಿಂದ 4.49 ಬಂದರೆ ಎರಡನೇ ದರ್ಜೆಯ ಮೇಲ್ವಿಭಾಗ, 4.50ರಿಂದ ಮೊದಲ ದರ್ಜೆ. ನಿಮ್ಮ ಶೇಕಡಾವಾರು ಅಂಕ ಇದರಲ್ಲಿ ಎಲ್ಲಿ ಕೂರುತ್ತದೆ ಎಂದು ನೀವೇ ಊಹಿಸಿ ಅರ್ಜಿಯಲ್ಲಿ ತುಂಬಿದರೆ, ಪರಿಶೀಲನೆಯಲ್ಲಿ ಸುಳ್ಳು ಮಾಹಿತಿ ಎಂದು ತಳ್ಳಿಹಾಕುವ ಅಪಾಯವಿದೆ.

ವಿಚಾರಿಸುವ ಮೇಲ್ ಹೇಗಿರಬೇಕು

ಪ್ರತಿ ಹಂತದ ನಂತರ ಆರು ವಾರ ಬಿಟ್ಟು ಒಂದೇ ಮೇಲ್. ಬಂದ ಉತ್ತರದಲ್ಲಿ ದಿನಾಂಕ ಕೊಟ್ಟಿದ್ದರೆ ಅದು ದಾಟುವವರೆಗೆ ಮತ್ತೆ ಬರೆಯಬೇಡಿ. ವಿಷಯದ ಸಾಲಿನಲ್ಲೇ ನೇಮಕಾತಿಯ ವರ್ಷ, ಹುದ್ದೆ, ಅರ್ಜಿ ಸಂಖ್ಯೆ ಇರಲಿ. ಒಳಗೆ ಇಷ್ಟು ಸಾಕು:

‘ಮಾನ್ಯರೇ, ನವೆಂಬರ್‌ನಲ್ಲಿ ಇಂಥ ಕೇಂದ್ರದಲ್ಲಿ ಕಂಪ್ಯೂಟರ್ ಪರೀಕ್ಷೆ ಬರೆದಿದ್ದೇನೆ. ನನ್ನ ಅರ್ಜಿ ಇನ್ನೂ ಪರಿಗಣನೆಯಲ್ಲಿದೆಯೇ ತಿಳಿಸಬೇಕಾಗಿ ಕೋರುತ್ತೇನೆ. ನನ್ನ ಫೋನ್ ಸಂಖ್ಯೆ ಮತ್ತು ವಿಳಾಸ ಬದಲಾಗಿಲ್ಲ.’

ಕಷ್ಟಸುಖ, ಮನೆಯ ಪರಿಸ್ಥಿತಿ, ಎಷ್ಟು ದಿನದಿಂದ ಕಾಯುತ್ತಿದ್ದೇನೆ ಎಂಬ ವಿವರ ಬೇಡ. ಓದುವ ಗುಮಾಸ್ತರಿಗೆ ಅದರಿಂದ ಮಾಡಬಹುದಾದದ್ದು ಏನೂ ಇಲ್ಲ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಕಂಪನಿಯ ಬಳಿ ನಿಮ್ಮ ಬಗ್ಗೆ ಇರುವ ಮಾಹಿತಿ ಕೇಳುವ ಹಕ್ಕು ನಿಮಗಿದೆ, ಸಾರ್ವಜನಿಕ ಸಂಸ್ಥೆಗಳಿಗೆ 2011ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯೂ ಇದೆ. ಇವು ಕೊನೆಯ ಅಸ್ತ್ರಗಳು. ಪ್ರಕ್ರಿಯೆ ಜೀವಂತವಿರುವಾಗ ವಕೀಲರ ಭಾಷೆಯಲ್ಲಿ ಬರೆದರೆ ಉತ್ತರ ಬೇಗ ಬರುವುದಿಲ್ಲ, ವಕೀಲರಿಂದ ಬರುತ್ತದೆ.

ದುಡ್ಡು ಕೇಳಿದರೆ

ಕೊಡಬೇಡಿ. ತಡವಾದಷ್ಟೂ ‘ಸ್ಲಾಟ್’ (ಕಾದಿರಿಸಿದ ಹುದ್ದೆ) ಮಾರುವವರು ಹೆಚ್ಚುತ್ತಾರೆ: ಪಟ್ಟಿಯಲ್ಲಿ ನಿಮ್ಮ ಹೆಸರಿದೆ, ಪರಿಶೀಲನಾ ಶುಲ್ಕ ಕಟ್ಟಿ ಎಂದು ಕಂಪನಿಯ ಲಾಂಛನವಿರುವ ಪತ್ರವನ್ನೇ ಕಳಿಸುತ್ತಾರೆ. ಮೇಲ್ ಬಂದ ವಿಳಾಸದಲ್ಲಿ ಕಂಪನಿಯ ಹೆಸರಿದ್ದರೆ ಸಾಲದು. @ ಚಿಹ್ನೆಯ ನಂತರದ ಭಾಗವನ್ನು ಅಕ್ಷರ ಬಿಡದೆ ಓದಿ. ಬ್ಯಾಂಕ್ ಗ್ರಾಹಕರ ಗುರುತಿನ 11 ಅಂಕಿಗಳ ಬಿವಿಎನ್ ಸಂಖ್ಯೆಯನ್ನೂ ಒಟಿಪಿಯನ್ನೂ ನೇಮಕಾತಿಯ ಹಂತದಲ್ಲಿ ಫೋನ್‌ನಲ್ಲಿ ಯಾರೂ ಕೇಳಬೇಕಾದ ಕಾರಣವಿಲ್ಲ.

ಅಷ್ಟರಲ್ಲಿ ಮಾಡುವ ಕೆಲಸ

ಎನ್‌ವೈಎಸ್‌ಸಿ ಮುಗಿದ ತಿಂಗಳೇ ಅದರ 77,000 ನೈರಾ ಮಾಸಿಕ ಭತ್ಯೆ ನಿಲ್ಲುತ್ತದೆ. ಖಾಲಿ ಕೂತರೆ ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜಿಗೂ ತತ್ವಾರ. ಸಿಕ್ಕ ಕೆಲಸ ಹಿಡಿಯಿರಿ ಎನ್ನುವುದು ಸುಲಭ, ಆದರೆ ತೈಲ ವಲಯಕ್ಕೆ ಹತ್ತಿರವಿರುವ ಕೆಲಸ ಹಿಡಿದರೆ ಸಂದರ್ಶನದಲ್ಲಿ ಮಾತಾಡಲು ಸರಕು ಸಿಗುತ್ತದೆ. ಗುತ್ತಿಗೆ ಸಂಸ್ಥೆಗಳ ಮೂಲಕ ನಿರ್ವಹಣೆ, ತಪಾಸಣೆ, ದಾಸ್ತಾನು ಕೆಲಸ ಒಂದು ದಾರಿ. ಹಳ್ಳಿಗಳಿಗೆ ಸಣ್ಣ ಸೌರ ವಿದ್ಯುತ್ ಜಾಲ ಹಾಕುವ ಮಿನಿಗ್ರಿಡ್ ಕಂಪನಿಗಳು ಇನ್ನೊಂದು: 2023ರ ವಿದ್ಯುತ್ ಕಾಯ್ದೆ ರಾಜ್ಯಗಳಿಗೂ ವಿದ್ಯುತ್ ಮಾರುಕಟ್ಟೆ ತೆರೆಯಿತು, ವಿಶ್ವಬ್ಯಾಂಕ್ ಸೌರಯೋಜನೆಗೆ 75 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಹಳ್ಳಿಯ ವಿದ್ಯುತ್ ಬೇಡಿಕೆಯ ಲೆಕ್ಕ ಹಾಕಿ ಬ್ಯಾಟರಿ ಗಾತ್ರ ನಿರ್ಧರಿಸಿದ ಅನುಭವ ಯಾವ ಎಂಜಿನಿಯರಿಂಗ್ ಮಂಡಳಿಯ ಮುಂದೆಯೂ ತೂಗುತ್ತದೆ.

ಜೊತೆಗೆ ಎನ್‌ಸಿಡಿಎಂಬಿ ಎಂಬ ಸರ್ಕಾರಿ ಮಂಡಳಿಯ ಜೆಕ್ಯುಎಸ್ (ಉದ್ಯೋಗಾರ್ಹತೆ ನೋಂದಣಿ) ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ತೈಲ ಯೋಜನೆಗಳಲ್ಲಿ ಸ್ಥಳೀಯರ ಪಾಲನ್ನು ನೋಡಿಕೊಳ್ಳುವ ಈ ಮಂಡಳಿ 2010ರ ಕಾಯ್ದೆಯಿಂದ ಹುಟ್ಟಿದ್ದು, ಯೆನಗೋವಾದಲ್ಲಿದೆ. ಯೋಜನೆಗಳಿಗೆ ಅಂಟಿಕೊಂಡ ತರಬೇತಿಗಳಿಗೆ ಅಭ್ಯರ್ಥಿಗಳನ್ನು ಈ ಪಟ್ಟಿಯಿಂದ ಆರಿಸುತ್ತಾರೆ.

ಕಡಲ ಮೇಲಿನ ಕೆಲಸದ ಆಸೆಯಿಂದ ಬೋಸಿಯೆಟ್ ಸುರಕ್ಷತಾ ತರಬೇತಿಯನ್ನು ಸ್ವಂತ ದುಡ್ಡಿನಲ್ಲಿ ಮುಂಚೆಯೇ ಮಾಡಬೇಡಿ. ಅದರ ಅವಧಿ ನಾಲ್ಕೇ ವರ್ಷ, ನೇಮಕವಾದರೆ ಕಂಪನಿಯೇ ಕಳಿಸುತ್ತದೆ. ಆ ಹಣ ಸಂದರ್ಶನದ ಪ್ರಯಾಣಕ್ಕಿರಲಿ: ಲಾಗೋಸ್‌ನಿಂದ ಅಬುಜಾಕ್ಕೆ ರಸ್ತೆಯಲ್ಲಿ 700 ಕಿ.ಮೀ.ಗೂ ಹೆಚ್ಚು, ಹಗಲಲ್ಲೇ ಪ್ರಯಾಣ ಮಾಡಿ ಒಂದು ದಿನ ಮೊದಲೇ ತಲುಪಬೇಕು.

ಅಂಕಗಣಿತ, ಭಾಷೆ, ತರ್ಕದ ಅಭ್ಯಾಸವನ್ನು ವಾರಕ್ಕೆ ಎರಡು ಸಲ, ಗಡಿಯಾರ ಇಟ್ಟುಕೊಂಡೇ ಮಾಡಿ. ಪ್ರಶ್ನೆಗಳು ಕಷ್ಟವಲ್ಲ, ಸಮಯ ಸಾಲದು.

ಕರೆ ಬಂದಾಗ

ಆಫರ್ ಪತ್ರ ಕೈಗೆ ಬಂದ ದಿನವೇ ಹಾಲಿ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ವೈದ್ಯಕೀಯ ತಪಾಸಣೆ ಮತ್ತು ದಾಖಲೆ ಪರಿಶೀಲನೆಗೆ ಒಳಪಟ್ಟು ಎಂಬ ಸಾಲು ಅದರಲ್ಲಿದ್ದರೆ ಅವು ಮುಗಿಯುವವರೆಗೆ ಅದು ಪೂರ್ತಿ ಆಫರ್ ಅಲ್ಲ. ರಕ್ತದೊತ್ತಡ, ಸಕ್ಕರೆ, ಎದೆಯ ಎಕ್ಸ್‌ರೇ, ಕಿವಿ, ಬಣ್ಣ ಗುರುತಿಸುವ ದೃಷ್ಟಿ ಸಾಮಾನ್ಯವಾಗಿ ನೋಡುತ್ತಾರೆ. ನೌಕರಿಗಾಗಿ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವುದಕ್ಕೆ 2014ರ ಕಾಯ್ದೆಯಲ್ಲಿ ಅವಕಾಶವಿಲ್ಲ. ಹಿಂದೆ ಒಮ್ಮೆ ತಪಾಸಣೆ ಮಾಡಿ ನಂತರ ತಿಂಗಳುಗಟ್ಟಲೆ ಸುಮ್ಮನಿದ್ದರೆ, ಆ ವರದಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಬರಹದಲ್ಲೇ ಕೇಳಿ. ಜಾಮೀನು ನಿಲ್ಲುವ ಇಬ್ಬರು ಹಿರಿಯರನ್ನೂ ಮತ್ತೆ ಮಾತಾಡಿಸಿ. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರೆ ನಮೂನೆಯಲ್ಲಿ ಕೇಳುವ ಕಚೇರಿ ಮೊಹರು ಸಿಗುವುದಿಲ್ಲ.

ಹಾಲಿ ಕೆಲಸ ಬಿಡಲು ಕಾರ್ಮಿಕ ಕಾಯ್ದೆ ಹೇಳುವ ಕನಿಷ್ಠ ಸೂಚನೆ ಹೀಗಿದೆ: ಸೇರಿ ಮೂರು ತಿಂಗಳೊಳಗಾದರೆ ಒಂದು ದಿನ, ಎರಡು ವರ್ಷದೊಳಗಾದರೆ ಒಂದು ವಾರ, ಐದು ವರ್ಷದೊಳಗಾದರೆ ಎರಡು ವಾರ, ಅದರಾಚೆಗೆ ಒಂದು ತಿಂಗಳು. ನಿಮ್ಮ ಒಪ್ಪಂದದಲ್ಲಿ ಇದಕ್ಕಿಂತ ಹೆಚ್ಚು ಬರೆದಿದ್ದರೆ ಅದನ್ನೇ ಪಾಲಿಸಬೇಕಾಗುತ್ತದೆ. ಸೇರುವ ದಿನಾಂಕಕ್ಕೂ ಅದಕ್ಕೂ ಹೊಂದದಿದ್ದರೆ ಹೊಸ ಕಂಪನಿಗೆ ಬರೆದು ಎರಡು ವಾರ ಮುಂದೂಡಲು ಕೇಳಿ.