ಖಾರವಿಲ್ಲದ ಕೆಂಪು ಪುಡಿ: ಬೀಜದಿಂದ ಬಾಟಲಿಯವರೆಗೆ

ಪ್ಯಾಪ್ರಿಕಾ ಎಂದರೆ ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಸಿಹಿಮೆಣಸನ್ನು ಗಿಡದಲ್ಲೇ ಹಣ್ಣಾಗಿಸಿ, ಒಣಗಿಸಿ ಮಾಡಿದ ಪುಡಿ. ಕಾರವಾರ, ಕುಮಟಾ ಕಡೆ ಇದನ್ನು ಬೆಳೆಯುವುದಕ್ಕಿಂತ ಒಣಗಿಸುವುದೇ ಕಷ್ಟ. ಹಾಗಾಗಿ ತಳಿ ಆರಿಸುವಾಗಲೇ ಸಿಪ್ಪೆ ನೋಡಿ. ಹೈಬ್ರಿಡ್ ದೊಣ್ಣೆಮೆಣಸು ಬೇಡ. ಅದರ ದಪ್ಪ ಸಿಪ್ಪೆಯ ತುಂಬ ನೀರು, ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ. ತೆಳು ಸಿಪ್ಪೆಯ ನಾಟಿ ಸಿಹಿಮೆಣಸು ಒಳ್ಳೆಯದು. ಬೀಜ ಸಿಗದಿದ್ದರೆ ಘಟ್ಟದಾಚೆಯ ಬ್ಯಾಡಗಿ ಮೆಣಸಿನ ‘ಡಬ್ಬಿ’ ತಳಿಯೇ ಸಾಕು. ತುಸು ಖಾರ ಇರುತ್ತದೆ, ಬಣ್ಣಕ್ಕೆ ಕೊರತೆಯಿಲ್ಲ.

ಹಣ್ಣು ಜನವರಿ–ಫೆಬ್ರುವರಿಯ ಒಣಬಿಸಿಲಿಗೆ ಸಿಗಬೇಕು. ಕಾಯಿ ಕಚ್ಚಿ ಪೂರ್ತಿ ಕೆಂಪಾಗಲು 55–60 ದಿನ, ಅದಕ್ಕೂ ಮೊದಲು ನೆಟ್ಟ ಸಸಿ ಹೂಬಿಟ್ಟು ಕಾಯಿ ಕಚ್ಚಲು ಸುಮಾರು ಒಂದೂವರೆ ತಿಂಗಳು, ಅಗೆ (ನೆಡುವ ಸಸಿ) ಬೆಳೆಯಲು 40 ದಿನ. ಹೀಗೆ ಹಿಂದಕ್ಕೆ ಎಣಿಸಿದರೆ ಬಿತ್ತನೆ ಆಗಸ್ಟ್ ಕೊನೆಗೆ, ಚೌತಿಯ ಆಸುಪಾಸಿಗೆ ಬರುತ್ತದೆ. ಮಳೆ ಬಿಟ್ಟಿರುವುದಿಲ್ಲ, ಟ್ರೇಯನ್ನು ಮಾಡಿನ ಕೆಳಗೆ ಬೆಳಕಿರುವಲ್ಲಿ ಇಡಿ. ಬೀಜ ಅರ್ಧ ಸೆಂ.ಮೀ. ಆಳಕ್ಕಿರಲಿ. ತಡ ಮಾಡಿದರೆ ಹೂವು ಮಾರ್ಚಿನ ಸೆಕೆಗೆ ಸಿಕ್ಕಿ ಉದುರುತ್ತದೆ.

ಅಕ್ಟೋಬರ್ ಮೊದಲ ವಾರ 12 ಇಂಚಿನ ಚೀಲಕ್ಕೊಂದರಂತೆ ಸಸಿ ನೆಡಿ. ಎರಡು ಪಾಲು ಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು. ನಮ್ಮ ಕೆಂಪುಮಣ್ಣು ಹುಳಿ, ಚೀಲಕ್ಕೆ ಎರಡು ದೊಡ್ಡ ಚಮಚ ಚಿಪ್ಪಿಸುಣ್ಣ ಬೇಕು. ಸುಣ್ಣ ಬೆರೆಸಿ ಎರಡು ವಾರ ಬಿಟ್ಟ ಮೇಲೆಯೇ ಗೊಬ್ಬರ ಸೇರಿಸಿ. ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಬುಡಕ್ಕೆ ದರಕು (ಒಣ ಎಲೆ) ಹೊದಿಸಿ. ಒಂದು ದಿನ ನೀರು ಹೆಚ್ಚು, ಮೂರು ದಿನ ಇಲ್ಲವೇ ಇಲ್ಲ ಎಂದಾದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ.

ಹಸಿರಾಗಿದ್ದ ಗಿಡ ಒಂದೆರಡು ದಿನದಲ್ಲೇ ಜೋತು ಬಿದ್ದರೆ ನೀರು ಸುರಿಯಬೇಡಿ. ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ. ಕೊಯ್ದ ಬಾಯಿಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಮದ್ದಿಲ್ಲ. ಗಿಡವನ್ನು ಮಣ್ಣಿನ ಸಮೇತ ದೂರ ಸಾಗಿಸಿ. ಬದನೆ, ಟೊಮೆಟೊ ಬೆಳೆದ ಮಣ್ಣನ್ನು ಚೀಲಕ್ಕೆ ತುಂಬಬಾರದು ಎನ್ನುವುದು ಇದಕ್ಕೇ.

ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಕೆಳಕ್ಕೆ ಮುದುಡಿದರೆ ನುಸಿ. ಮೊದಲನೆಯದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು. ಎರಡನೆಯದಕ್ಕೆ ಲೀಟರಿಗೆ 3 ಗ್ರಾಂ ನೀರಲ್ಲಿ ಕರಗುವ ಗಂಧಕ. ಸಂಜೆ ಹೊಡೆಯಿರಿ. ಎರಡನ್ನೂ ಬೆರೆಸಿದರೆ ಎಲೆ ಸುಡುತ್ತದೆ.

ತೊಟ್ಟಿನ ಬುಡದವರೆಗೂ ಕೆಂಪಾದ ಮೇಲೆ ಕೊಯ್ದು, ನೆರಳಲ್ಲಿ ಎರಡು ದಿನ ಇಡಿ, ಬಣ್ಣ ಇನ್ನೂ ಗಾಢವಾಗುತ್ತದೆ. ಉದ್ದಕ್ಕೆ ಸೀಳಿ ಬೀಜ, ಬಿಳಿ ನರ ತೆಗೆಯಿರಿ. ಖಾರ ಇರುವುದು ಆ ನರದಲ್ಲಿ. ಗೆರಸಿಯಲ್ಲಿ (ಮೊರದಲ್ಲಿ) ಒಂದೇ ಪದರವಾಗಿ ಹರಡಿ, ತೆಳು ಬಟ್ಟೆ ಹೊದಿಸಿ. ನೇರ ಬಿಸಿಲು ಬಣ್ಣ ತಿನ್ನುತ್ತದೆ. ಶಿರಸಿ ಕಡೆಯವರು ಇಬ್ಬನಿ ಬೀಳುವ ಮೊದಲೇ ಒಳಗೆ ತರಬೇಕು. ಐದಾರು ದಿನ ಬೇಕು. ತುಂಡನ್ನು ಬಗ್ಗಿಸಿದರೆ ಚಟ್ಟನೆ ಮುರಿಯಬೇಕು, ಚರ್ಮದಂತೆ ಬಾಗಿದರೆ ಇನ್ನೊಂದು ದಿನ. ಡ್ರೈಯರ್ ಇದ್ದರೆ 55 ಡಿಗ್ರಿ ಸೆಲ್ಸಿಯಸ್. 70 ದಾಟಿದರೆ ಒಳಗಿನ ಸಕ್ಕರೆ ಕಂದಿ ಪುಡಿ ಕಹಿ.

ಸ್ಪೇನಿನ ಲಾ ವೇರಾದಲ್ಲಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ನಮ್ಮ ಅಡಿಕೆ ಅಟ್ಟದ ಉಪಾಯವೇ! ಹೊಗೆಯ ರುಚಿ ಬೇಕಿದ್ದರೆ ಒಣಗಿದ ಮಾವಿನ ಕಟ್ಟಿಗೆ ಬಳಸಿ. ಗೋಡಂಬಿ ಸಿಪ್ಪೆ ಮಾತ್ರ ಬೇಡ, ಅದರ ಎಣ್ಣೆ ಮೈ ಸುಡುವಂಥದ್ದು.

ಮಿಕ್ಸಿಯನ್ನು ಹತ್ತು ಸೆಕೆಂಡಿಗೊಮ್ಮೆ ನಿಲ್ಲಿಸುತ್ತ ಪುಡಿ ಮಾಡಿ, ಬಿಸಿಯಾದರೆ ಪರಿಮಳ ಹೋಗುತ್ತದೆ. ಕಿಲೋ ಹಸಿ ಹಣ್ಣಿಗೆ ಸುಮಾರು 100 ಗ್ರಾಂ ಪುಡಿ. ಎಲ್ಲವನ್ನೂ ಒಮ್ಮೆಲೇ ಪುಡಿ ಮಾಡದೆ, ತುಂಡುಗಳನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಕತ್ತಲಿನಲ್ಲಿಟ್ಟು ತಿಂಗಳಿಗಾಗುವಷ್ಟೇ ಮಾಡಿಕೊಳ್ಳಿ.

ಪಕ್ಕದಲ್ಲಿ ಖಾರದ ಮೆಣಸಿದ್ದರೆ ಈ ವರ್ಷದ ಹಣ್ಣು ಖಾರವಾಗುವುದಿಲ್ಲ. ಜೇನು ಬೆರಕೆ ಮಾಡಿದ್ದು ಗೊತ್ತಾಗುವುದು ಆ ಬೀಜ ಬಿತ್ತಿದ ಮೇಲೆ. ಬೀಜಕ್ಕೆಂದು ಒಂದು ಟೊಂಗೆ ಆರಿಸಿ, ಮೊಗ್ಗು ಬಿರಿಯುವ ಮೊದಲೇ ಸೊಳ್ಳೆಪರದೆ ಬಟ್ಟೆಯ ಚೀಲ ಕಟ್ಟಿ, ದಿನಕ್ಕೊಮ್ಮೆ ಅಲುಗಾಡಿಸಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿಡಿ.