ಸೋರೆ ಮಿಡಿ ಉದುರುತ್ತಿದ್ದರೆ
ಬೇಸಿಗೆಯಲ್ಲಿ ಸೋರೆ ಮಿಡಿ ಹಳದಿಯಾಗಿ ಉದುರುತ್ತಿದ್ದರೆ, ಸಂಜೆ ನೀವೇ ಪರಾಗ ಮುಟ್ಟಿಸಿ. ಸೋರೆಯ ಬಿಳಿ ಹೂ ಅರಳುವುದೇ ಹೊತ್ತಿಳಿದ ಮೇಲೆ. ಅಷ್ಟರಲ್ಲಿ ಜೇನ್ನೊಣಗಳು ಗೂಡು ಸೇರಿರುತ್ತವೆ. ಉದ್ದ ತೊಟ್ಟಿನ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿ. ಹೆಣ್ಣು ಹೂ ಗುರುತಿಸುವುದು ಸುಲಭ, ಬುಡದಲ್ಲೇ ನವಿರು ರೋಮದ ಪುಟಾಣಿ ಸೋರೆಕಾಯಿ ಇರುತ್ತದೆ ಅಲ್ವಾ. ಕುಂಬಳಕ್ಕಾದರೆ ಇದನ್ನು ಬೆಳಗ್ಗೆ ಬೇಗ ಮಾಡಬೇಕು, ಬಿಸಿಲೇರಿದರೆ ಹೂ ಮುದುಡಿಕೊಳ್ಳುತ್ತದೆ. ಬುಡದ ಮಣ್ಣು ಒಣಗಿದ್ದರೆ ಮಾತ್ರ ಎಷ್ಟು ಸವರಿದರೂ ಮಿಡಿ ನಿಲ್ಲುವುದಿಲ್ಲ, ಮೊದಲು ನೀರು ಕೊಡಿ. ಮಿಡಿಯ ಮೇಲೆ ಅಂಟು ಒಸರುವ ಚುಚ್ಚು ಗುರುತು ಕಂಡರೆ ಅದು ಹಣ್ಣುನೊಣದ ಕಾಟ, ಅದಕ್ಕೆ ಈ ಉಪಾಯ ಸಾಲದು. ಅಂಥ ಮಿಡಿಗಳನ್ನು ಕಿತ್ತು ಆಳವಾಗಿ ಹೂತುಹಾಕಿ.